ಬಿಡಲೊಲ್ಲದ ಚಕ್ರ

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಹೊಳೆಗಳು ಒಂದೆರಡಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಎಲ್ಲವೂ ಆ ಸೀಮೆಯವೇ. ಆದರೆ ತವರಿನಲ್ಲಿ ನಿಲ್ಲದ ಹೆಣ್ಣುಮಕ್ಕಳಂತೆ ಅವು ಹುಟ್ಟಿದೊಡನೆಯೇ ಪರಸ್ಥಳಕ್ಕೆ ಹೊರಟುಬಿಡುತ್ತವೆ. ಹಿಂದೆ ಉಳಿದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಜನಕ್ಕೆ ಕೆರೆಯ ನೀರೇ ಗತಿ. ಕೆರೆ ಬತ್ತಿದರೆ ಬಾವಿ. ಬಾವಿಯೂ ಬತ್ತಿದರೆ ಸಾವಿರ ಅಡಿಗೂ ಕೆಳಗಿಳಿಯುವ ಕೊಳವೆಬಾವಿ. ಇಂಥ ಒಣನಾಡಿಗೆ ಒಂದು ಸಣ್ಣ ಅನುಕೂಲವೂ ಉಂಟು, ಅದನ್ನು ಯಾರೂ ಎಣಿಕೆಗೆ ತಂದುಕೊಳ್ಳುವುದಿಲ್ಲ: ಇಲ್ಲಿ ಕಬ್ಬಿಣ ಬಹುಕಾಲ ಬಾಳುತ್ತದೆ. ಮಂಗಳೂರಿನ ಕಡೆ ಒಂದು ಮಳೆಗಾಲ ಅಂಗಳದಲ್ಲಿ ನಿಂತ ಸೈಕಲ್ಲು ಗುರುತು ಸಿಕ್ಕದಷ್ಟು ಕೆಂಪಾಗುತ್ತದೆ. ಚಿಂತಾಮಣಿಯ ಕಡೆ ತಾತನು ಹಿಡಿದ ಗುದ್ದಲಿ ಮೊಮ್ಮಗನ ಕೈಗೂ ಗಟ್ಟಿಯಾಗಿಯೇ ಬರುತ್ತದೆ.

2021ರ ನವೆಂಬರಿನಲ್ಲಿ ಈ ಲೆಕ್ಕ ತಪ್ಪಿತು. ಆ ತಿಂಗಳು ಸುರಿದ ಮಳೆಗೆ ವರ್ಷಗಟ್ಟಲೆ ತುಂಬದಿದ್ದ ಕೆರೆಗಳು ಕೋಡಿಬಿದ್ದವು. ಊರಿನವರು ಕೋಡಿಯ ನೀರಿಗೆ ಬಾಗಿನ ಕೊಟ್ಟು ಸಂಭ್ರಮಿಸಿದರು. ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ಹಾದಿಯ ಬದಿಯಲ್ಲಿ ಒಂದು ಹಳ್ಳಿ, ಅಲ್ಲಿಯೂ ಸಂಭ್ರಮವೇ. ಆದರೆ ಆ ಹಳ್ಳಿಯ ಒಂದು ಮನೆಯ ಹಿಂದಿನ ತಗ್ಗಿನಲ್ಲಿದ್ದ ತಗಡಿನ ಷೆಡ್ಡಿನೊಳಕ್ಕೆ ಅದೇ ನೀರು ನುಗ್ಗಿ, ಮೊಣಕಾಲುದ್ದ ನಿಂತು, ಹದಿನೈದು ದಿನ ಕದಲಲಿಲ್ಲ. ಷೆಡ್ಡಿನಲ್ಲಿ ಮನೆಯ ಯಜಮಾನರ ಜೀಪು ಇದ್ದಿತು. ಯಜಮಾನರು ತೀರಿಕೊಂಡು ಆಗಲೇ ಐದು ವರ್ಷ. ಜೀಪನ್ನು ಯಾರೂ ಹೊರಕ್ಕೆ ತಳ್ಳಲಿಲ್ಲ.

ಆ ಜೀಪಿನ ವಂಶವೃತ್ತಾಂತ ದೊಡ್ಡದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಗಾಡಿ ಅದು. ಒಹಾಯೋ ಸಂಸ್ಥಾನದ ಟೊಲೀಡೊ ನಗರದ ವಿಲ್ಲಿಸ್ ಕಾರ್ಖಾನೆ ಅದನ್ನು ಲಕ್ಷಗಟ್ಟಲೆ ತಯಾರಿಸಿತು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಸ್ಥಾಪಿತವಾದ ಮಹೀಂದ್ರ ಸಂಸ್ಥೆ, ಸ್ವಾತಂತ್ರ್ಯ ಬಂದ ಹೊಸದರಲ್ಲಿ ಆ ಗಾಡಿಯನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಮೊದಲು ಸರ್ಕಾರದ ಇಲಾಖೆಗಳು ಕೊಂಡವು; ಇಲಾಖೆಗಳು ಹರಾಜು ಹಾಕಿದಾಗ ರೈತರು ಕೊಂಡರು. ಮುಂದೆ ಪೆಟ್ರೋಲಿನ ಬೆಲೆ ಏರಿದಾಗ ಬಹುಪಾಲು ಜೀಪುಗಳ ಎಂಜಿನ್ನನ್ನೇ ಕಿತ್ತು ಡೀಸೆಲ್ಲಿನದನ್ನು ಕೂರಿಸಲಾಯಿತು. ಈ ಯಜಮಾನರು ಮಾತ್ರ ಅದಕ್ಕೆ ಒಪ್ಪಲಿಲ್ಲ. ಡೀಸೆಲ್ ಎಂಜಿನ್ನಿನ ಸದ್ದು ಅವರಿಗೆ ಹಿಡಿಸುತ್ತಿರಲಿಲ್ಲವಂತೆ. ಸದ್ದಿಗಾಗಿ ಹಣ ಸುರಿಯುವ ಮನುಷ್ಯನನ್ನು ಹೆಂಡತಿಯಾದವಳು ಬೈಯದೆ ಇರುತ್ತಾಳೆಯೇ? ಬೈದರು. ಆದರೂ ಜೀಪು ಹೇಗಿದ್ದಿತೋ ಹಾಗೆಯೇ ಉಳಿಯಿತು.

ದುಡಿದದ್ದೂ ಕಡಿಮೆಯಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಯಾರಿಗಾಗಿಯೂ ಕಾಯುವುದಿಲ್ಲ. ಹುಳು ಗೂಡು ಕಟ್ಟಿದ ಮೇಲೆ ರೈತನ ಕೈಯಲ್ಲಿ ಉಳಿಯುವುದು ಕೆಲವೇ ದಿನ. ತಡವಾದರೆ ಪತಂಗ ಗೂಡನ್ನು ಕೊರೆದು ಹೊರಬಂದು, ನೂಲು ತುಂಡಾಗಿ, ಬೆಳೆಯೆಲ್ಲ ಹಾಳು. ಬೆಳಗಿನ ಹರಾಜಿಗೆ ಮುನ್ನ ಗೂಡಿನ ಚೀಲಗಳನ್ನು ತಲುಪಿಸುವ ಕೆಲಸವನ್ನು ಆ ಜೀಪು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿತು. ಹಿಂದಿರುಗುವಾಗ ಜನ. ಕಾನೂನು ಎಷ್ಟು ಜನಕ್ಕೆ ಸ್ಥಳವುಂಟೆಂದು ಹೇಳಿದ್ದಿತೋ ಅದರ ಇಮ್ಮಡಿ ಜನ ಅದರಲ್ಲಿ ಹಿಡಿಸುತ್ತಿದ್ದರು. ಉಳಿದವರು ಹಿಂದೆ ಜೋತು ಬೀಳುತ್ತಿದ್ದರು. ಹಳ್ಳಿಯಲ್ಲಿ ಇಂದು ತಾಯಂದಿರಾಗಿರುವ ಇಬ್ಬರು ಹೆಂಗಸರು ಹುಟ್ಟಿದ್ದು ಆಸ್ಪತ್ರೆಯಲ್ಲಿ ಎಂದು ದಾಖಲೆ ಹೇಳುತ್ತದೆಯಾದರೂ, ಅವರಲ್ಲಿ ಒಬ್ಬಳು ಹುಟ್ಟಿದ್ದು ಆ ಜೀಪಿನಲ್ಲಿಯೇ ಎಂದು ಊರಿಗೆಲ್ಲ ಗೊತ್ತು.

ಮಕ್ಕಳಿಬ್ಬರು. ಹಿರಿಯನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಿರಿಯನು ಮನೆಯಲ್ಲಿದ್ದುಕೊಂಡು ಟೊಮೆಟೊ ಬೆಳೆಯುತ್ತಾನೆ. ನೀರಿಳಿದ ಮೇಲೆ ಒಬ್ಬ ಗುಜರಿಯವನು ಬಂದು ಜೀಪನ್ನು ಸುತ್ತುಬಂದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿದನು. ಇಬ್ಬರೂ ಒಪ್ಪಿದರು. ತಾಯಿಯೂ ಬೇಡವೆನ್ನಲಿಲ್ಲ. "ಕೊಡೋದಾದ್ರೆ ಕೊಡ್ರಪ್ಪಾ. ಒಂದ್ಸಲ ಸ್ಟಾರ್ಟ್ ಮಾಡಿ, ಆ ಸದ್ದು ಕೇಳ್ಸಿ ಆಮೇಲೆ ಕೊಡಿ" ಎಂದರು. ಮೂವತ್ತು ವರ್ಷ ಬೈದ ಸದ್ದನ್ನೇ ಅವರು ಕೇಳಿದರು. ಕಿರಿಯನಿಗೆ ಮರುಮಾತು ಹೊಳೆಯಲಿಲ್ಲ. ಗುಜರಿಯವನು ಮತ್ತೆ ಬರುತ್ತೇನೆಂದು ಹೇಳಿ ಹೋದನು.

ಮೊದಲು ಕರೆಸಿದ ಮೆಕ್ಯಾನಿಕ್ಕು ಯುವಕ, ಚುರುಕು. ಎಂಜಿನ್ನಿನ ಮೇಲ್ಭಾಗ ನೀರಿಗೆ ಸಿಕ್ಕಿರಲಿಲ್ಲವಾಗಿ ಪಿಸ್ಟನ್ನುಗಳು ಕ್ಷೇಮವಾಗಿದ್ದವು. ಕೆಟ್ಟದ್ದು ಹಿಂಭಾಗ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಗಂಟೆಯಾಕಾರದ ಒಂದು ಕವಚವಿದೆ. ಒಳಗೆ ಸೇರಿದ ಎಣ್ಣೆ ನೀರು ಸೋರಿಹೋಗಲೆಂದು ಅದರ ತಳದಲ್ಲಿ ಒಂದು ತೂತು. ಸೋರಿಹೋಗುವ ದಾರಿಯಲ್ಲಿಯೇ ಮಳೆಯ ನೀರು ಒಳಕ್ಕೆ ಬಂದಿತ್ತು. ಆ ಕವಚದೊಳಗಿರುವುದೇ ಫ್ಲೈವೀಲು. ಕನ್ನಡದಲ್ಲಿ ಬೇಕಾದರೆ ಗತಿಪಾಲಕ ಚಕ್ರವೆನ್ನಬಹುದು. ಗ್ಯಾರೇಜಿನಲ್ಲಿ ಆ ಹೆಸರು ಹೇಳಿದರೆ ನಕ್ಕಾರು. ಕುಂಬಾರನ ತಿಗರಿಯನ್ನು ನೋಡಿದವರಿಗೆ ಅದರ ಕೆಲಸವನ್ನು ವಿವರಿಸಬೇಕಾದ್ದಿಲ್ಲ. ಕುಂಬಾರನು ಕೋಲಿನಿಂದ ನಾಲ್ಕು ಬಾರಿ ತಿರುಗಿಸಿ ಕೋಲನ್ನು ಕೆಳಗಿಡುತ್ತಾನೆ. ತಿಗರಿಯ ಭಾರವೇ ಅದನ್ನು ಮುಂದಕ್ಕೆ ತಿರುಗಿಸುತ್ತದೆ, ಗಡಿಗೆ ಅದುರದೆ ಏಳುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ಕೊಡುವುದೂ ಬಿಡಿಬಿಡಿಯಾದ ಒದೆತಗಳನ್ನೇ. ಒಂದು ಒದೆತಕ್ಕೂ ಇನ್ನೊಂದಕ್ಕೂ ನಡುವಣ ತೆರಪನ್ನು ತನ್ನ ಭಾರದಿಂದ ತುಂಬಿ, ಓಟವನ್ನು ಸಮನಾಗಿ ಕಾಯುವುದು ಈ ಒಂದಡಿ ಅಗಲದ ಎರಕದ ಕಬ್ಬಿಣದ ಚಕ್ರ.

ಕ್ಲಚ್ಚಿನ ತಟ್ಟೆ ಚಕ್ರದ ಮುಖಕ್ಕೆ ಅಂಟಿ ಹೋಗಿದ್ದಿತು. ಅದನ್ನು ಹೇಗೋ ಎಬ್ಬಿಸಿದ ಮೇಲೆ ಕಂಡದ್ದು ಕುಳಿಬಿದ್ದ ಮೈ. ಚಕ್ರವನ್ನು ಬಿಚ್ಚಿ ಲೇತಿಗೆ ಒಯ್ದು ಮುಖ ಸವರದೆ ವಿಧಿಯಿರಲಿಲ್ಲ. ಯುವಕನು ಆರು ನಟ್ಟುಗಳನ್ನೂ ಬಿಚ್ಚಿದನು. ಚಕ್ರ ಬರಲಿಲ್ಲ. ಅಂಚಿಗೆ ಸುತ್ತಿಗೆಯಿಂದ ಹೊಡೆದನು. ಬರಲಿಲ್ಲ. ದೊಡ್ಡ ಸುತ್ತಿಗೆ ತಂದನು. ಚಕ್ರಕ್ಕೂ ಕ್ರ್ಯಾಂಕಿನ ಚಾಚಿಗೂ ನಡುವಣ ಸಂದಿಗೆ ಉಳಿಯಿಟ್ಟು ಬಡಿದನು. ಎರಡು ದಿನ ಊರಿಗೆಲ್ಲ ಕೇಳುವಂತೆ ಬಡಿದು, ಮೂರನೆಯ ದಿನ ಬೇರೆ ಕೆಲಸವುಂಟೆಂದು ಹೋದವನು ತಿರುಗಿ ಬರಲಿಲ್ಲ. ಅವನನ್ನು ಬೈದು ಫಲವಿಲ್ಲ. ಹೊಸ ಗಾಡಿಗಳಲ್ಲಿ ಕೆಟ್ಟ ಭಾಗವನ್ನು ಬಿಸುಟು ಬೇರೊಂದನ್ನು ಕೂರಿಸುವುದೇ ಲಾಭ. ಹಳೆಯದನ್ನು ನೋಯಿಸದೆ ಬಿಚ್ಚುವ ವಿದ್ಯೆಗೆ ಕೂಲಿ ಕೊಡುವವರು ಯಾರು?

ಅನಂತರ ಬಂದವರು ಗೌರಿಬಿದನೂರಿನ ಒಬ್ಬ ಮೇಸ್ತ್ರಿ, ಎಪ್ಪತ್ತರ ಹತ್ತಿರದವರು. ಇಲಾಖೆಯ ಜೀಪುಗಳನ್ನು ರಿಪೇರಿ ಮಾಡುತ್ತಲೇ ಮುಪ್ಪಾದವರು. ಷೆಡ್ಡಿಗೆ ಬಂದವರೇ ಚಕ್ರವನ್ನು ಮುಟ್ಟದೆ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಟಾರ್ಚಿನ ಬೆಳಕಿನಲ್ಲಿ ಬಹಳ ಹೊತ್ತು ನೋಡಿದರು. ಅಂಚಿನ ಮೇಲಿದ್ದ ಸುತ್ತಿಗೆಯ ಕಚ್ಚುಗಳನ್ನು ಬೆರಳಿನಿಂದ ಎಣಿಸಿದರು.

"ಎಷ್ಟು ಬೋಲ್ಟಪ್ಪಾ ಇದು?"

"ಆರು, ಮೇಸ್ತ್ರಿ" ಎಂದನು ಕಿರಿಯ.

"ಆರಲ್ಲ. ನಾಲ್ಕು, ಎರಡು."

ಮಾತಿನ ಮರ್ಮ ಅಲ್ಲಿತ್ತು. ವಿಲ್ಲಿಸ್ ಎಂಜಿನ್ನಿನಲ್ಲಿ ಫ್ಲೈವೀಲನ್ನು ಹಿಡಿದಿರುವ ಆರು ಬೋಲ್ಟುಗಳಲ್ಲಿ ನಾಲ್ಕು ಸಾಧಾರಣವಾದವು. ಉಳಿದೆರಡರ ಮೈ ಗೂಟದಂತೆ ಒಂದು ಕಡೆ ಸಣ್ಣದಾಗುತ್ತ ಹೋಗುತ್ತದೆ. ಅವು ಕೂರುವ ತೂತುಗಳೂ ಹಾಗೆಯೇ ಓರೆ. ಚಕ್ರವು ಕ್ರ್ಯಾಂಕಿನ ನಟ್ಟನಡುವೆ ಕೂದಲೆಳೆಯಷ್ಟೂ ಸರಿಯದೆ ಕೂರಬೇಕೆಂಬುದಕ್ಕಾಗಿ ಈ ಏರ್ಪಾಡು. ನಟ್ಟು ಬಿಚ್ಚಿದ ಮಾತ್ರಕ್ಕೆ ಓರೆಯ ಗೂಟ ತನ್ನ ಗೂಡನ್ನು ಬಿಡುವುದಿಲ್ಲ. ಅದರ ಜೊತೆಗೆ ತುಕ್ಕು ಸೇರಿದರೆ ಹೇಳುವುದೇ ಬೇಡ. ತುಕ್ಕು ಕಬ್ಬಿಣವನ್ನು ತಿನ್ನುತ್ತದೆ ಎನ್ನುತ್ತೇವೆ. ತಿಂದು ದಪ್ಪಗಾಗುತ್ತದೆ ಎಂಬುದನ್ನು ಮರೆಯುತ್ತೇವೆ. ತುಕ್ಕಾದ ಕಬ್ಬಿಣ ಮೊದಲಿನ ಎರಡರಿಂದ ಆರು ಮಡಿ ಜಾಗ ಬೇಡುತ್ತದೆ. ಗೋಡೆಯ ಸಂದಿಯಲ್ಲಿ ಹೊಕ್ಕ ಅರಳಿಯ ಬೇರಿನಂತೆ, ಎರಡು ಲೋಹಗಳ ನಡುವೆ ಹುಟ್ಟಿ, ಅಲ್ಲಿಯೇ ಉಬ್ಬಿ, ಎರಡನ್ನೂ ಬಿಗಿದು ನಿಲ್ಲುತ್ತದೆ. ಅಂಚಿಗೆ ಹೊಡೆದ ಪೆಟ್ಟು ಆ ಬಿಗಿತವನ್ನು ತಲುಪುವುದೇ ಇಲ್ಲ. ಎರಕದ ಕಬ್ಬಿಣವೋ, ಒತ್ತಿದರೆ ಬೆಟ್ಟದಷ್ಟು ತಡೆಯುತ್ತದೆ, ಬಡಿದರೆ ಗಾಜಿನ ಜಾತಿ.

ಮೇಸ್ತ್ರಿ ಮೊದಲು ಮಾಡಿದ ಕೆಲಸ, ಚಕ್ರಕ್ಕೂ ಕ್ರ್ಯಾಂಕಿಗೂ ಹೊಂದುವಂತೆ ಒಂದೊಂದು ಚುಕ್ಕಿ ಗುರುತು ಹೊಡೆದದ್ದು. ಕಿಡಿ ಹಾರುವ ಕಾಲವನ್ನು ಸರಿಪಡಿಸುವ ಗುರುತುಗಳು ಈ ಎಂಜಿನ್ನಿನಲ್ಲಿ ಫ್ಲೈವೀಲಿನ ಮೇಲೆಯೇ ಇರುವುದರಿಂದ, ಚಕ್ರ ಸ್ಥಾನ ತಪ್ಪಿ ಕುಳಿತರೆ ಮುಂದಿನ ಲೆಕ್ಕವೆಲ್ಲ ತಪ್ಪು. ಎರಡನೆಯದಾಗಿ, ಬಿಚ್ಚಿದ್ದ ನಟ್ಟುಗಳನ್ನು ಮತ್ತೆ ಎರಡೆರಡು ಸುತ್ತು ಹಾಕಿದರು. ಬಿಚ್ಚಲು ಬಂದವರು ಹಾಕುತ್ತಿದ್ದಾರಲ್ಲ ಎಂದು ಕಿರಿಯನು ನೋಡಿದನು. "ಇದು ಬರೋವಾಗ ಹೇಳಿ ಬರಲ್ಲ. ಬಂದ್ರೆ ಕಾಲ್ಮೇಲೆ ಬರ್ತದೆ" ಎಂದರು ಮೇಸ್ತ್ರಿ. ತಮ್ಮ ಎಡಗಾಲಿನ ಹೆಬ್ಬೆರಳನ್ನು ಅವರು ತೋರಿಸಲಿಲ್ಲ. ಅದಕ್ಕೆ ಉಗುರಿಲ್ಲದ್ದು ಚಪ್ಪಲಿ ಬಿಟ್ಟಾಗ ತಾನಾಗಿಯೇ ಕಾಣುತ್ತಿದ್ದಿತು.

ಬಳಿಕ ನಾಲ್ಕು ದಿನ ಕಾಯುವ ಕೆಲಸ. ಸೀಮೆಎಣ್ಣೆಗೆ ತೆಳುವಾದ ಎಣ್ಣೆ ಬೆರೆಸಿ ಬೆಳಿಗ್ಗೆ ಸಂಜೆ ಸಂದಿಗೆ ಬಿಟ್ಟರು. ದೀಪದ ಬತ್ತಿಗೆ ಎಣ್ಣೆ ಏರುವಂತೆ ಅದು ಇರುಕಿನೊಳಕ್ಕೆ ತಾನೇ ಸರಿಯುತ್ತದೆ; ಅವಸರಪಡಿಸಿದರೆ ಸರಿಯುವುದಿಲ್ಲ. ಹಿತ್ತಾಳೆಯ ಸರಳೊಂದನ್ನು ಓರೆ ಬೋಲ್ಟುಗಳ ತುದಿಗೆ ಆನಿಸಿ, ಸಣ್ಣ ಸುತ್ತಿಗೆಯಿಂದ ದಿನಕ್ಕೆ ಹತ್ತಿಪ್ಪತ್ತು ತಟ್ಟು ತಟ್ಟಿದರು, ಅಷ್ಟೇ. ಉಳಿದ ಹೊತ್ತು ಹುಣಸೆಮರದ ನೆರಳಿನಲ್ಲಿ ಕುಳಿತು ಬೀಡಿ ಸೇದಿದರು. ದಿನಗೂಲಿ ಕೊಡುತ್ತಿದ್ದ ಕಿರಿಯನಿಗೆ ಇದು ಸೊಗಸಲಿಲ್ಲ. ತಾಯಿ ಮಾತ್ರ ಎರಡು ಹೊತ್ತೂ ಮೇಸ್ತ್ರಿಗೆ ಮುದ್ದೆ ಬಡಿಸಿದರು.

ನಾಲ್ಕನೆಯ ದಿನ ಮಧ್ಯಾಹ್ನ, ತಟ್ಟುತ್ತಿದ್ದ ಸದ್ದು ಬದಲಾಯಿತು. ಓರೆ ಬೋಲ್ಟುಗಳಲ್ಲೊಂದು ಗೂಡು ಬಿಟ್ಟಿತು; ಇನ್ನೊಂದು ಅರ್ಧ ಗಂಟೆಯಲ್ಲಿ ಬಿಟ್ಟಿತು. ಚಕ್ರ ಆಗಲೂ ಕದಲಲಿಲ್ಲ. ಅದರ ನಡುವಣ ತಗ್ಗು ಕ್ರ್ಯಾಂಕಿನ ಚಾಚನ್ನು ಬಳೆಯಂತೆ ಅಪ್ಪಿಕೊಂಡಿದ್ದಿತು. ಅದಕ್ಕೆ ಬೇಕಾದದ್ದು ಬೆಂಕಿ.

ಎತ್ತಿನ ಗಾಡಿಯ ಚಕ್ರಕ್ಕೆ ಕಮ್ಮಾರನು ಕಬ್ಬಿಣದ ಪಟ್ಟಾ ತೊಡಿಸುವುದನ್ನು ನೋಡಿದವರು ಈಗ ವಿರಳ. ಪಟ್ಟಾವನ್ನು ಮರದ ಚಕ್ರಕ್ಕಿಂತ ಒಂದಿಷ್ಟು ಚಿಕ್ಕದಾಗಿಯೇ ಬೆಸೆದು, ಬೆರಣಿಯ ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ತೊಡಿಸಿ, ನೀರು ಹೊಯ್ಯುತ್ತಾರೆ, ಕುಗ್ಗಿ ಕಚ್ಚಿಕೊಳ್ಳುತ್ತದೆ. ಫ್ಲೈವೀಲಿನ ಅಂಚಿನ ಹಲ್ಲಿನ ಬಳೆಯನ್ನು ಕಾರ್ಖಾನೆಯಲ್ಲಿ ತೊಡಿಸುವುದೂ ಇದೇ ಕ್ರಮದಲ್ಲಿ. ಮೇಸ್ತ್ರಿ ಅದನ್ನೇ ತಿರುಗಿಸಿ ಉಪಯೋಗಿಸಿದರು. ಎಣ್ಣೆಯನ್ನೆಲ್ಲ ಒರೆಸಿ, ಪೆಟ್ರೋಲಿನ ಡಬ್ಬವನ್ನು ಮನೆಯ ಆಚೆ ಕಳುಹಿಸಿ, ಹಿಂದಿನ ಚಾಚಿಗೆ ಒದ್ದೆಯ ಗೋಣಿ ಸುತ್ತಿ, ಬ್ಲೋಲ್ಯಾಂಪಿನ ಉರಿಯನ್ನು ಚಕ್ರದ ನಡುವಿನ ಸುತ್ತ ಒಂದೇ ಕಡೆ ನಿಲ್ಲಿಸದೆ ಆಡಿಸಿದರು. ಹತ್ತು ಸೆಂಟಿಮೀಟರ್ ಅಗಲದ ಎರಕದ ಕಬ್ಬಿಣದ ಬಳೆಯನ್ನು ನೂರೈವತ್ತು ಡಿಗ್ರಿ ಹೆಚ್ಚಿಗೆ ಕಾಯಿಸಿದರೆ ಅದು ಹಿಗ್ಗುವುದು ಒಂದು ಮಿಲಿಮೀಟರಿನ ಆರರಲ್ಲೊಂದು ಪಾಲು. ಆ ಆರರಲ್ಲೊಂದು ಪಾಲಿಗಾಗಿ ಐದು ದಿನದ ಕಾಯುವಿಕೆ! ಚಕ್ರದ ಮುಖಕ್ಕೆ ಅಡ್ಡಲಾಗಿ ದಪ್ಪನೆಯ ಕಬ್ಬಿಣದ ಪಟ್ಟಿಯೊಂದನ್ನು, ಕ್ಲಚ್ಚಿನ ಕವಚ ಹಿಡಿಯುವ ಮರೆ ತೂತುಗಳಿಗೆ ಬೋಲ್ಟು ಹಾಕಿ ಬಿಗಿದು, ಪಟ್ಟಿಯ ನಡುವೆ ಇನ್ನೊಂದು ಬೋಲ್ಟನ್ನು ಹಿತ್ತಾಳೆಯ ಬಿಲ್ಲೆಯ ಮೇಲೆ ಕ್ರ್ಯಾಂಕಿನ ತುದಿಗೆ ಒತ್ತುವಂತೆ ನಿಲ್ಲಿಸಿದ್ದರು. ಪಾನಾವನ್ನು ಕಾಲು ಸುತ್ತು ತಿರುಗಿಸಿದರು, ನಿಂತರು. ಮತ್ತೆ ಕಾಲು ಸುತ್ತು.

ದೇವಸ್ಥಾನದ ಗಂಟೆಯ ನಾಲಗೆ ತಪ್ಪಿ ತಾಗಿದಂತೆ 'ಠಣ್' ಎಂಬ ಸದ್ದಾಯಿತು. ಚಕ್ರವು ಅರ್ಧ ಅಂಗುಲ ಮುಂದಕ್ಕೆ ಜಿಗಿದು ನಟ್ಟುಗಳಿಗೆ ತಗುಲಿ ನಿಂತಿತು. ಕಿರಿಯನು ಕೂಗಿಕೊಂಡನು. ಮೇಸ್ತ್ರಿ ಬೀಡಿ ಹಚ್ಚಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಲ್ಲರಿಗೂ ಹಿತವಾಗುತ್ತಿದ್ದಿತು. ಚಕ್ರ ತಣ್ಣಗಾದ ಮೇಲೆ ಮೇಸ್ತ್ರಿ ಅದಕ್ಕೆ ಹಗ್ಗ ಪೋಣಿಸಿ ಹುಣಸೆಯ ಕೊಂಬೆಗೆ ತೂಗುಹಾಕಿಸಿದರು. ಗೌರಿಬಿದನೂರಿನ ಬಳಿ 1965ರಲ್ಲಿ ಸ್ಥಾಪಿತವಾದ ಭೂಕಂಪನ ಕೇಂದ್ರವು ಭೂಮಿಯ ಆಚೆ ಮಗ್ಗುಲಿನ ನಡುಕಕ್ಕೂ ಕಿವಿಗೊಟ್ಟು ಕುಳಿತಿದೆ. ಆ ಊರಿನ ಈ ಮೇಸ್ತ್ರಿಗೂ ಕಿವಿಯೇ ಉಪಕರಣ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸಿನಂತೆ ಚಕ್ರವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳಿದರು. ಗಟ್ಟಿಯಾದ ಎರಕ ಗಂಟೆಯಂತೆ ನಾದ ಎಳೆಯುತ್ತದೆ. ಇದು 'ಟಪ್' ಎಂದು ಸುಮ್ಮನಾಯಿತು. ಜಗಲಿಯ ಮೇಲಿದ್ದ ತಾಯಿಗೂ ಅದು ಕೇಳಿಸಿತು. ಅವರು ಗಡಿಗೆ ಕೊಂಡವರೇ ಅಲ್ಲವೇ? ಎದ್ದು ಒಳಗೆ ಹೋದರು.

ಮೇಸ್ತ್ರಿ ಚಕ್ರದ ಮೈಗೆ ಸೀಮೆಎಣ್ಣೆ ಬಳಿದು, ಒರೆಸಿ, ಸೀಮೆಸುಣ್ಣ ಉಜ್ಜಿದರು. ಸ್ವಲ್ಪ ಹೊತ್ತಿಗೆ ಬಿಳುಪಿನ ಮೇಲೆ ಒದ್ದೆಯ ಎಳೆಯೊಂದು ಮೂಡಿತು. ಉಳಿಯ ಕಚ್ಚಿನಿಂದ ಹೊರಟು ಬೋಲ್ಟಿನ ತೂತಿನವರೆಗೆ, ಬೆರಳುದ್ದದ ಬಿರುಕು. ತುಕ್ಕು ಮಾಡಿದ್ದಲ್ಲ ಅದು.

"ವೆಲ್ಡಿಂಗ್ ಮಾಡಿಸೋಣ ಮೇಸ್ತ್ರಿ. ಒಂದ್ಸಲ ಸ್ಟಾರ್ಟ್ ಆದ್ರೆ ಸಾಕಲ್ವಾ?" ಎಂದನು ಕಿರಿಯ.

ತರ್ಕ ಸರಿಯೇ. ಒಂದು ಸಲ ಸದ್ದು ಕೇಳಿಸಿದರೆ ಸಾಕು, ಮರುದಿನ ಗುಜರಿಗೆ. ಆದರೆ ಈ ಎಂಜಿನ್ನು ತನ್ನ ಪೂರ್ಣ ಶಕ್ತಿಯನ್ನು ಕೊಡುವುದು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನಲ್ಲಿ. ಆಗ ಒಂದಡಿ ಅಗಲದ ಚಕ್ರದ ಅಂಚು ಗಂಟೆಗೆ ಇನ್ನೂರು ಕಿಲೋಮೀಟರಿಗೂ ಮೀರಿ ಓಡುತ್ತಿರುತ್ತದೆ. ಎರಕದ ಕಬ್ಬಿಣದ ಬಿರುಕಿಗೆ ಹಾಕಿದ ವೆಲ್ಡಿಂಗು ಅಷ್ಟು ಸೆಳೆತವನ್ನು ತಡೆಯುತ್ತದೆಂದು ನಂಬುವಂತಿಲ್ಲ. ಸಿಡಿದರೆ ಚೂರುಗಳು ತೆಳ್ಳನೆಯ ತಗಡನ್ನು ಸೀಳಿ ಬರುವುದು ಚಾಲಕನ ಕಾಲಿಗೆ. ನಿಧಾನವಾಗಿ ಓಡಿಸಿದರಾಯಿತು ಎನ್ನಬಹುದು. ಹೊಸದಾಗಿ ಹೊತ್ತಿಕೊಂಡ ಹಳೆಯ ಎಂಜಿನ್ನನ್ನು ನಿಧಾನವಾಗಿ ಓಡಿಸಿದವನು ಯಾವನಿದ್ದಾನೆ? "ಬೇರೆಯವರ ಕೈಲಿ ಮಾಡಿಸ್ಕೊ, ತಮ್ಮಾ. ನಾನು ಹಾಕಲ್ಲ" ಎಂದರು ಮೇಸ್ತ್ರಿ. ಸಾಮಾನುಗಳನ್ನು ಚೀಲಕ್ಕೆ ತುಂಬತೊಡಗಿದರು.

ತಡೆದದ್ದು ಹಿರಿಯ ಮಗ. ಬೆಂಗಳೂರಿನಿಂದ ಫೋನಿನಲ್ಲಿ ವಿಷಯ ಕೇಳಿದವನು, ಗುಜರಿಗೆ ಕೊಟ್ಟುಬಿಡು ಎಂದು ಮೊದಲಿನಿಂದ ಹೇಳುತ್ತಿದ್ದವನು, ಆ ದಿನ ಏನೆಂದುಕೊಂಡನೋ, ಮುಂದಿನ ಭಾನುವಾರ ಜೆ.ಸಿ. ರಸ್ತೆಯ ಹಳೆಯ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿ ಒಂದು ಚಕ್ರವನ್ನು ಹುಡುಕಿ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದನು. ಮೇಸ್ತ್ರಿ ಅದನ್ನೂ ತೂಗುಹಾಕಿ ತಟ್ಟಿದರು. ನಾದ ಎಳೆಯಿತು.

ಆದರೂ ಅದನ್ನು ಹಾಗೆಯೇ ಕೂರಿಸುವಂತಿರಲಿಲ್ಲ. ಓರೆ ತೂತುಗಳನ್ನು ಕಾರ್ಖಾನೆಯಲ್ಲಿ ಕ್ರ್ಯಾಂಕನ್ನೂ ಚಕ್ರವನ್ನೂ ಕೂಡಿಸಿಯೇ ಕೊರೆದಿರುತ್ತಾರೆ. ಒಬ್ಬರ ಜಾತಕ ಇನ್ನೊಬ್ಬರಿಗೆ ಹೊಂದುವುದಿಲ್ಲ. ಬೇರೆ ಚಕ್ರ ಬಂದಾಗ ಆ ಎರಡು ತೂತುಗಳನ್ನು ಜೋಡಿಯಾಗಿ ನೇರಕ್ಕೆ ಕೊರೆದು, ಓರೆಯಿಲ್ಲದ ಬಿಗಿ ಬೋಲ್ಟು ಹಾಕಬೇಕೆಂಬುದು ಜೀಪಿನ ತಯಾರಕರೇ ಬರೆದಿಟ್ಟ ವಿಧಿ. ಎಂಜಿನ್ನನ್ನು ಟೆಂಪೋದಲ್ಲಿ ಹೇರಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದರು. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಗೆ ಹತ್ತಿರದ ಪಟ್ಟಣದಲ್ಲಿ ಕೈ ನಡುಗದ ಒಬ್ಬ ಲೇತಿನವನು ಸಿಕ್ಕದಿದ್ದರೆ ಅದು ಊರಿಗೇ ಅವಮಾನ, ಸಿಕ್ಕಿದನು. ಒಂದು ದಿನದ ಕೆಲಸ.

ಎಂಜಿನ್ನು ಗಾಡಿಗೆ ಏರಿ, ಹೊಸ ಕ್ಲಚ್ಚಿನ ತಟ್ಟೆ ಬಂದು, ಕಾರ್ಬ್ಯುರೇಟರು ತೊಳೆದು, ಬ್ಯಾಟರಿ ಕೂಡಿಸುವ ಹೊತ್ತಿಗೆ ಮತ್ತೊಂದು ವಾರ ಕಳೆಯಿತು. ಹಿರಿಯನೂ ರಜ ಹಾಕಿ ಬಂದಿದ್ದನು. ಸಂಜೆ ದೀಪ ಹಚ್ಚುವ ವೇಳೆ. ಮೊದಲ ಸಲ ಕೆಮ್ಮಿ ಸುಮ್ಮನಾಯಿತು; ಎರಡನೆಯ ಸಲ ಕಪ್ಪು ಹೊಗೆ; ಮೂರನೆಯ ಸಲ ಹೊತ್ತಿಕೊಂಡಿತು. ಹಟ್ಟಿಯ ಹಸುಗಳು ಕತ್ತೆತ್ತಿದವು. ಎದುರುಮನೆಯ ಮುದುಕರು ಬೀದಿಗೆ ಬಂದು, ಯಾರೋ ಕರೆದರೆಂಬಂತೆ ನಿಂತರು. ಮೇಸ್ತ್ರಿ ಕವಚದ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಅದುರು ಇಲ್ಲವೆಂದು ನೋಡಿಕೊಂಡು ಕೈ ತೆಗೆದರು.

ತಾಯಿ ಹೊಸಿಲಿನ ಒಳಗೆ ನಿಂತೇ ಕೇಳಿದರು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಆರಿಸಲು ಯಾರಿಗೂ ಮನಸ್ಸಿರಲಿಲ್ಲ. ಕೊನೆಗೆ ಅವರೇ ಹೊರಕ್ಕೆ ಬಂದರು.

"ಸಾಕು, ಆರ್ಸಿ. ಪೆಟ್ರೋಲೇನು ಬಿಟ್ಟಿ ಬರ್ತದಾ?" ಎಂದರು.

ಗುಜರಿಯವನು ಮರುವಾರ ತಕ್ಕಡಿಯೊಡನೆ ಬಂದನು. ಅವನು ಬಂದದ್ದು ವ್ಯರ್ಥವಾಗಲಿಲ್ಲ. ಬಿರುಕು ಬಿಟ್ಟ ಚಕ್ರವನ್ನು ತೂಗಿ ಕೊಂಡುಹೋದನು.